ಹನ್ನೆರಡು ನಿಮಿಷ

ಕಾರವಾರದ ಬಲೆ ಅಂಗಡಿಯ ಮಾಳಿಗೆಯಲ್ಲಿ
ಹದಿನಾಲ್ಕು ಟೈಪ್‌ರೈಟರುಗಳ ನಡುವೆ ಕೂತವನು ನಾನು.
ಯಂತ್ರಗಳಿಗೆ ಈಗ ಮುಸುಕು. ಬೋರ್ಡಿಗೆ ಮಾತ್ರ ಹೊಸ ಬಣ್ಣ:
ತೊಂಬತ್ತು ದಿನದಲ್ಲಿ ಇಂಗ್ಲಿಷ್ ಮಾತಾಡಿ.

ಚಂದ್ರಭಾಗಾ ತಾಂಡೇಲ ಬಂದಾಗ
ಆಕೆಯ ಹತ್ತಿರ ಇದ್ದದ್ದು ಒಂಬತ್ತು ದಿನ.
ಕಾಳಿಯ ಅಳಿವೆಯಲ್ಲಿ ಕಲ್ವಾ ಕೀಳುವ ಹೆಂಗಸರ ಸಂಘಕ್ಕೆ ಕಾರ್ಯದರ್ಶಿ.
ಹೊರದೇಶದ ತಂಡ ಬರುತ್ತದಂತೆ,
ಸಮುದ್ರಕ್ಕೆ ಬೆನ್ನು ಹಾಕಿದ ಹೋಟೆಲಿನ ಹಾಲ್‌ನಲ್ಲಿ
ಹನ್ನೆರಡು ನಿಮಿಷ ಇಂಗ್ಲಿಷಿನಲ್ಲಿ ಹೇಳಬೇಕಂತೆ
ಹೊಳೆಯ ತಳಕ್ಕೆ ಏನಾಗಿದೆ ಎಂದು.

"ಹನ್ನೆರಡು ನಿಮಿಷ ಅಂದ್ರೆ ಎಷ್ಟು, ಮಾಸ್ತರ್ರೆ?"
ಗೋಡೆಯ ಗಡಿಯಾರ ತೋರಿಸಿದೆ.
ಅದನ್ನು ನೋಡದೆ ಲೆಕ್ಕ ಹಾಕಿದಳು:
"ಸುಕ್ತಿ ಮುಗಿದು ನೀರು ತಿರುಗಿ
ಕಾಲುಂಗುರ ಮುಚ್ಚೂವಷ್ಟು."

ಹಳೆಯ ಪುಸ್ತಕದಿಂದ ವಾಕ್ಯ ಆರಿಸಿ ಕೊಟ್ಟೆ.
ಗುಡ್ ಮಾರ್ನಿಂಗ್ ಎವ್ರಿಒನ್.
ಐ ವುಡ್ ಲೈಕ್ ಟು ಬಿಗಿನ್ ಬೈ...
"ಶುರು ಮಾಡ್ತೆ ಅನ್ನೂಕೆ ಇಷ್ಟು ಉದ್ದವಾ?
ಶುರು ಮಾಡಿಬಿಟ್ರೆ ಆಗೂದಿಲ್ವಾ?"
ಸಭ್ಯತೆ ಎಂದೆ. ಹೊಸ್ತಿಲಾಚೆ ಚಪ್ಪಲಿ ಬಿಡುವ ಹಾಗೆ.
ಅದು ಆಕೆಗೆ ಒಪ್ಪಿಗೆಯಾಯಿತು.

ಆ್ಯಸ್ ಯು ಕ್ಯಾನ್ ಸೀ.
"ಅವರಿಗೆ ಹೆಂಗೆ ಕಾಣ್ತದೆ? ನೀರಡಿ ಇದ್ದದ್ದು ನಮಗೇ ಕಾಣೂದಿಲ್ಲ.
ನಾವು ನೋಡೂದು ಕಾಲ್ಬೆರಳಿಂದ."
ಆ ವಾಕ್ಯದ ಮೇಲೆ ಗೆರೆ ಎಳೆದೆ.

ಮೂವಿಂಗ್ ಆನ್.
ಇದರ ಅರ್ಥ ಹೇಳಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದಳು.
ನೌಕಾನೆಲೆಗೆ ಊರು ಬಿಟ್ಟುಕೊಟ್ಟಾಗ ಆಕೆಗೆ ಏಳು ವರ್ಷ.
ಲಾರಿಯಲ್ಲಿ ಹೆಂಚು, ಹೆಂಚಿನ ಮೇಲೆ ಅಜ್ಜಿ,
ಅಜ್ಜಿಯ ಮಡಿಲಲ್ಲಿ ಕಾವಿಗೆ ಕೂತ ಹೇಂಟೆ,
ಬಿಣಗಾದ ತಿರುವಿನ ತನಕ ಏಳಲಿಲ್ಲವಂತೆ ಅದು ಮೊಟ್ಟೆಯ ಮೇಲಿಂದ.
"ಸ್ಲೈಡು ಬದಲಿ ಮಾಡೂಕೆ ಇದನ್ನ ಹೇಳ್ತಾರಾ?"
ಹೇಳ್ತಾರೆ.
"ನಾ ಹೇಳೂದಿಲ್ಲ. ರೈಟ್ ಅಂತ ಹೇಳ್ತೆ, ಕಂಡಕ್ಟರ್ ಹೇಳಿದ ಹಾಗೆ."
ಅದು ಸರಿಯಾದ ಇಂಗ್ಲಿಷೇ ಆಗಿತ್ತು.

ಎಂಟನೆಯ ದಿನ, ಗೊತ್ತಿಲ್ಲದ ಪ್ರಶ್ನೆ ಬಂದರೆ ಎಂದು,
ಐ ಆ್ಯಮ್ ಅಫ್ರೇಡ್ ಐ ಡೋಂಟ್ ಹ್ಯಾವ್ ದಟ್ ಫಿಗರ್ ವಿತ್ ಮಿ.
ಬರೆದುಕೊಂಡಳು, ಮೂರು ಸಲ ಓದಿದಳು,
ನಾಲ್ಕನೆಯದಕ್ಕೆ ಪೆನ್ನು ಕೆಳಗಿಟ್ಟಳು.
"ಹೆದರಿಕೆ ಯಾಕೆ ಮಾಸ್ತರ್ರೆ?
ಗೊತ್ತಿಲ್ಲದ್ದಕ್ಕೆ ಯಾರು ಹೆದರ್ತಾರೆ?
ಗೊತ್ತಿದ್ದದ್ದಕ್ಕೆ ಹೆದರೂದು."

ಮೂವತ್ತೊಂದು ವರ್ಷ ಕಲಿಸಿದ ವಾಕ್ಯ.
ಬ್ಯಾಂಕಿನ ಹುಡುಗರಿಗೆ, ಹಡಗಿನ ಹುಡುಗರಿಗೆ,
ಮೊದಲ ಪೋಸ್ಟಿಂಗಿನ ತಹಶೀಲ್ದಾರರೊಬ್ಬರಿಗೂ.
ಅದರೊಳಗೆ ಒಬ್ಬ ಮನುಷ್ಯ ಮುದುಡಿ ಕೂತಿದ್ದಾನೆಂದು
ನನಗೆ ಆವತ್ತು ಕಂಡದ್ದು.

ಹಾಲ್‌ನ ಕೊನೆಯ ಸಾಲಿನಲ್ಲಿ ನಾನಿದ್ದೆ.
ನೀಲಿ ಸೀರೆ, ಮೈಕು ಗದ್ದಕ್ಕಿಂತ ಮೇಲೆ.
ಎವ್ರಿಒನ್ ಬದಲು ಎವ್ರಿಬಡಿ ಅಂದಳು, ಅಡ್ಡಿಯಿಲ್ಲ.
ಮೂರು ಸಲ ರೈಟ್ ಅಂದಳು, ಪರದೆ ಮೂರು ಸಲ ಮುಂದೆ ಹೋಯಿತು.
ಒಂಬತ್ತು ನಿಮಿಷಕ್ಕೆ ಮಾತು ಮುಗಿಯಿತು.

ಬಿಳಿಗಡ್ಡದವರೊಬ್ಬರು ಕೈಯೆತ್ತಿದರು.
ವರ್ಷಕ್ಕೆ ಎಷ್ಟು ಟನ್?
ನಾನು ಕೂತಲ್ಲೇ ತುಟಿಯಾಡಿಸಿದೆ, ಐ ಆ್ಯಮ್...
ಆಕೆ ನನ್ನ ಕಡೆ ನೋಡಲೇ ಇಲ್ಲ.
"ಐ ಆ್ಯಮ್ ನಾಟ್ ಅಫ್ರೇಡ್. ಐ ಡೋಂಟ್ ಹ್ಯಾವ್ ಫಿಗರ್."

ಹಾಲ್ ನಕ್ಕಿತು. ಒಳ್ಳೆಯ ನಗುವೇ.
ನಗು ಇಳಿಯುವ ತನಕ ಕಾದಳು,
ಬಂಡೆ ತೇಲಿ ಬರುವ ತನಕ ಕಾದು ರೂಢಿ ಆಕೆಗೆ.
ಆಮೇಲೆ ಹೇಳಿದಳು, ನಾನು ಕಲಿಸದ್ದು:
"ಲಾಸ್ಟ್ ಇಯರ್ ಮೈ ಫೂಟ್ ಫೈಂಡ್ ಶೆಲ್.
ದಿಸ್ ಇಯರ್ ಮೈ ಫೂಟ್ ಫೈಂಡ್ ಓನ್ಲಿ ಅದರ್ ಫೂಟ್."

ಎರಡು ತಪ್ಪು, ಅಭ್ಯಾಸಬಲದಿಂದ ಎಣಿಸಿದೆ.
ಬಿಳಿಗಡ್ಡದವರು ಏನೂ ಬರೆದುಕೊಳ್ಳಲಿಲ್ಲ.
ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು.

ಥ್ಯಾಂಕ್ ಯೂ ಕಲಿಸಿದ್ದೆ, ಎನಿ ಕ್ವೆಶ್ಚನ್ಸ್ ಕಲಿಸಿದ್ದೆ,
ಕೆಳಗಿಳಿದು ಬರುವುದು ಕಲಿಸಿರಲಿಲ್ಲ.
ಅಲ್ಲೇ ನಿಂತಿದ್ದಳು ಚಂದ್ರಭಾಗಾ, ಕೈಯಲ್ಲಿ ಕಾಗದ ಮಡಿಸಿ.
ಯಾರೂ ಏನೂ ಕೇಳಲಿಲ್ಲ.
ಕಾಲುಂಗುರ ಮುಚ್ಚುವಷ್ಟು ನೀರು
ಇನ್ನೂ ಬಂದಿರಲಿಲ್ಲ.