ಕರಿಗೇರಿನ ಗುರುತು

ಸಾಲಗಾಮೆ ರಸ್ತೆಯಲ್ಲಿ, ಝೆರಾಕ್ಸ್ ಅಂಗಡಿಯ ಪಕ್ಕ,
ನಾಲ್ಕು ಗಾಲಿಯಿದ್ದೂ ನಿಂತೇ ಇರುವ ನನ್ನ ಗಾಡಿ.
ಮೇಲೆ ತಗಡು, ಕೆಳಗೆ ಗೋಣಿ,
ಗೋಣಿಯಲ್ಲಿ ಇನ್ನೂ ಅರ್ಧ ಇದ್ದಿಲು.
ಮೂರು ವರ್ಷವಾಯಿತು ಮೀಟರು ಹಾಕಿಸಿ.
ಆಮೇಲೆ ಕಿಡಿ ಹಾರಿ ಯಾರ ಸೆರಗೂ ತೂತಾಗಿಲ್ಲ,
ಕೆಮ್ಮೂ ಕಡಿಮೆ.
‘ಹೊಗೆಯೇ ಇಲ್ಲ ನೋಡಿ’ ಅಂತ
ಗಿರಾಕಿಗಳ ಮುಂದೆ ಜಂಬ ಬೇರೆ.

ಅದನ್ನು ಕೆಡಿಸಿದ್ದು ಹಾಸ್ಟೆಲಿನ ಹುಡುಗಿ, ತಂಝೀಲಾ.
ಸೆಮಿನಾರಿಗೆ ಬಿಳಿ ಕೋಟು ಬೇಕಿತ್ತು, ನಿಂತೇ ಕಾದಳು.
ಫೋನಿನಲ್ಲಿ ಒಂದು ಭೂಪಟ:
ಕೆಲವು ದೇಶ ಹಸಿರು, ಕೆಲವು ಅರಿಸಿನ,
ನಮ್ಮದು ಹುರಿದ ಕಾಫಿಬೀಜ.
‘ಒಂದು ಯೂನಿಟ್ಟಿಗೆ ಎಷ್ಟು ಹೊಗೆ ಅಂತ ಇದು, ಮಾಚಣ್ಣ.
ನಮ್ಮ ದೇಶದ್ದು ಮುಕ್ಕಾಲು ಕೆಜಿಗೆ ಚೂರು ಕಡಿಮೆ.’
ಹೊಗೆಗೂ ತಕ್ಕಡಿಯೇ?
ಇದ್ದಿಲು ತೂಗಿಸಿಕೊಂಡವನು ನಾನು, ಬೂದಿ ಚೆಲ್ಲಿದವನು,
ನಡುವೆ ಹೋದದ್ದನ್ನು ತೂಗಿದವನಲ್ಲ.

ಇಸ್ತ್ರಿ ತೋಳಿನಿಂದ ಕಾಲರಿಗೆ ಹತ್ತುವಷ್ಟರಲ್ಲಿ
ಲೋಕ ಸುತ್ತಿಸಿದಳು.
ನಾರ್ವೆಯಲ್ಲಿ ನೀರು ಬೀಳುತ್ತದೆ, ದೀಪ ಹತ್ತುತ್ತದೆ, ಅಷ್ಟೇ.
ಐಸ್‌ಲ್ಯಾಂಡಿನಲ್ಲಿ ನೆಲವೇ ಹಂಡೆ, ಸೌದೆ ಒಟ್ಟುವವರು ಬೇಡ.
ಫ್ರಾನ್ಸು ಅಣು ಒಡೆಯುತ್ತದೆ, ನಮ್ಮ ಕೈಗಾದವರ ಹಾಗೆ,
ಆದರೆ ಮನೆ ತುಂಬ.
ಪೋಲೆಂಡು ನಮ್ಮ ದಾಯಾದಿ, ಕಲ್ಲಿದ್ದಲಿನ ಪೈಕಿ.
ಭೂತಾನ ಮಳೆಗಾಲದಲ್ಲಿ ನಮಗೆ ಮಾರಿ
ಚಳಿಯಲ್ಲಿ ಹೊಳೆ ಸೊರಗಿದಾಗ ನಮ್ಮಿಂದಲೇ ತರಿಸುತ್ತದಂತೆ.
ಅದಕ್ಕೆ ನಕ್ಕುಬಿಟ್ಟೆ. ಒಬ್ಬರ ಅಂಗಿ
ಇನ್ನೊಬ್ಬರ ಮದುವೆಗೆ ಎರವಲು ಹೋಗುವುದು
ನಮ್ಮ ಕಸುಬಿನಲ್ಲಿ ಹಳೆಯ ಗುಟ್ಟು.

‘ಸರಿ, ಈಗ ಈ ಪೆಟ್ಟಿಗೆಯಲ್ಲಿ ಕಾಯುತ್ತಿರುವುದು
ಯಾವ ಊರಿಂದು?’
‘ಹೇಳೋಕಾಗಲ್ಲ. ರಾಯಚೂರಿನ ಬೆಂಕಿ, ಶರಾವತಿಯ ನೀರು,
ಪಾವಗಡದ ಬಿಸಿಲು, ಚಿತ್ರದುರ್ಗದ ಗಾಳಿ.
ತಂತಿಗೆ ಬಿದ್ದಮೇಲೆ ಎಲ್ಲ ಒಂದೇ.’

ಒಂದೇ ಹೇಗಾದೀತು?
ನಮ್ಮಪ್ಪ ಅರವತ್ತು ಮನೆಯ ಬಟ್ಟೆ
ಒಂದೇ ಹುಣಸಿನಕೆರೆಯಲ್ಲಿ ಅದ್ದಿ
ಒಂದೇ ಹಗ್ಗಕ್ಕೆ ಹರವಿ
ಸಂಜೆಗೆ ಅದರದರ ಬಾಗಿಲು ಮುಟ್ಟಿಸುತ್ತಿದ್ದ.
ಕತ್ತಿನ ಹಿಂದೆ ಕರಿಗೇರಿನ ಮಸಿ:
ಶ್ಯಾನುಭೋಗರಿಗೆ ಎರಡು ಚುಕ್ಕಿ,
ಸ್ಟೇಷನ್ ಮಾಸ್ತರಿಗೆ ಅಡ್ಡಗೆರೆ, ಡಾಕ್ಟರಿಗೆ ಇಂಟು.
ಒಗೆದಷ್ಟೂ ಕಪ್ಪಾಗುತ್ತಿತ್ತು.
ಕರೆಂಟಿಗೆ ಕತ್ತಿಲ್ಲ.

ಹೇಳಬಾರದಿತ್ತೇನೋ, ಬಾಯಿಗೆ ಬಂತು:
ನನ್ನ ನಾದಿನಿ ಶಿವನಂಜಿ ಇದೇ ಹಾಸನದ ಗಾರ್ಮೆಂಟ್ಸಿನಲ್ಲಿ
ದಿನಕ್ಕೆ ನಾನೂರು ಕಾಲರು ಹೊಲಿಯುತ್ತಾಳೆ.
ರಟ್ಟಿನ ಡಬ್ಬದ ಮೇಲೆ ಓಸ್ಲೋ ಅಂತ ಇರುತ್ತದಂತೆ.
ಎಲ್ಲಮ್ಮ ಅದು, ಓಸ್ಲೋ?
ಹುಡುಗಿ ಬೆರಳಿಟ್ಟಳು,
ಅಚ್ಚ ಹಸಿರಿನ ಮೇಲೆ.
ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.
ಅಂಗಿ ಹಡಗು ಹತ್ತುತ್ತದೆ.
ಹೊಗೆಯ ಲೆಕ್ಕ ಇಲ್ಲೇ, ನಮ್ಮ ಖಾತೆಗೆ.

ಎಡತೋಳು ಬಾಕಿ ಇರುವಾಗ ಕರೆಂಟು ಹೋಯಿತು.
ಗೋಣಿ ಬಿಚ್ಚಿದೆ. ಹಿತ್ತಾಳೆ ಪೆಟ್ಟಿಗೆ, ತೆಂಗಿನ ಚಿಪ್ಪು,
ರಟ್ಟಿನ ಬೀಸಣಿಗೆ. ಕೋಟಿನ ಮೇಲೆ ಒದ್ದೆ ಬಟ್ಟೆ.
‘ಈಗ ನಾವು ಯಾವ ಬಣ್ಣ?’ ಅಂದಳು
ಕಣ್ಣು ಕಿರಿದು ಮಾಡಿ, ಕೆಮ್ಮುತ್ತ.
‘ಇದು ಭೂಪಟಕ್ಕೆ ಬರಲ್ಲ ಬಿಡವ್ವ, ಚಿಲ್ಲರೆ.’

ರಾತ್ರಿ ಮನೆಯಲ್ಲಿ ಅಪ್ಪನ ಡಬ್ಬಿ ಹುಡುಕಿದೆ.
ಒಂದೇ ಕಾಯಿ ಉಳಿದಿತ್ತು, ಸೂಜಿಯಲ್ಲಿ ಚುಚ್ಚಿದೆ.
ಕರೆಂಟ್ ಬಿಲ್ಲಿನ ಬೆನ್ನಿಗೆ
ನೀರಿಗೊಂದು ಅಲೆ, ಬಿಸಿಲಿಗೆ ಸೊನ್ನೆ, ಗಾಳಿಗೆ ಓರೆಗೆರೆ.
ರಾಯಚೂರಿಗೆ ಚುಕ್ಕಿ ಇಡಹೋದೆ.
ರಸ ಹೆಚ್ಚಾಗಿ ಹನಿ ಹರಡಿತು,
ಮಿಕ್ಕ ಮೂರರ ಮೇಲೂ.

ಬೆರಳಿಗೂ ತಾಗಿದೆ ಚೂರು.
ಕರಿಗೇರು ಆಗಲೇ ಸುಡುವುದಿಲ್ಲ,
ಎರಡು ದಿನ ಬಿಟ್ಟು ಬೊಬ್ಬೆ ಏಳುತ್ತದೆ,
ಅನ್ನುತ್ತಿದ್ದ ಅಪ್ಪ.