ಒಸರುವವಳು

ಹಲಗೆ ಬಿಟ್ಟು ಕಾಲಿಡಬೇಡ, ಅಂದಿದ್ದಳು ಪಕ್ಕದ ಮನೆಯ ಲೆಂಪಿ.
ಇಟ್ಟೆ. ಮೊಣಕಾಲ ತನಕ ಹೋಯಿತು ಬೂಟು,
ಬೂಟಿನೊಳಗೆ ಹೋಯಿತು ಕಂದು ನೀರು,
ಹತ್ತು ಸಾವಿರ ವರ್ಷದಿಂದ ಯಾರೂ ಸೋಸದ ಚಹಾ.
ಅವಳು ನಗಲಿಲ್ಲ. ಬುಟ್ಟಿ ಕೆಳಗಿಟ್ಟು
ತೋಳು ಹಿಡಿದು ಎಳೆದಳು.
ಜೌಗು ಲೊಚಗುಟ್ಟುತ್ತ ನನ್ನನ್ನು ಬಿಟ್ಟುಕೊಟ್ಟಿತು.

ನನಗಾಗ ಹನ್ನೊಂದು. ಕೈನೂ ಸೀಮೆಯ ಜುಲೈ.
ರಾತ್ರಿ ಹತ್ತಾದರೂ ಸೂರ್ಯ ಕುಳ್ಳ ಪೈನುಗಳ ಮೇಲೆ
ಏಳಲೊಲ್ಲದ ನೆಂಟನ ಹಾಗೆ.
"ಬಗ್ಗು. ಇನ್ನೂ ಬಗ್ಗು. ನಿಂತವರಿಗೆ ಕಾಣಿಸೋದಿಲ್ಲ ಅದು."
ಪಾಚಿಯ ಮೆತ್ತೆಯಲ್ಲಿ
ಅಂಗಿಯ ಗುಂಡಿಗಿಂತ ಚಿಕ್ಕ ಎಲೆ,
ಎಲೆಯ ತುಂಬ ಕೆಂಪು ರೋಮ,
ರೋಮಕ್ಕೊಂದು ಹನಿ.
ಇಬ್ಬನಿಯಾಗಿದ್ದರೆ ಇಷ್ಟೊತ್ತಿಗೆ ಆರಿರಬೇಕಿತ್ತು;
ಇದು ಬಿಸಿಲು ಕುಡಿದಷ್ಟೂ ಹೊಳೆಯುತ್ತಿತ್ತು.
ಕಿಹೊಕ್ಕಿ, ಅಂದಳು ಲೆಂಪಿ. ಒಸರುವವಳು.

ಒಸರಿ ಏನು ಮಾಡುತ್ತಾಳೆ?
ಕಾಯುತ್ತಾಳೆ.
ಈ ನೆಲದಲ್ಲಿ ಉಣ್ಣಲು ಏನಿದೆ? ಮಳೆ, ಹುಳಿನೀರು,
ಸತ್ತ ಪಾಚಿಯ ಹೆಗಲೇರಿದ ಪಾಚಿ.
ಬೇರು ಬರೀ ಊರುಗೋಲು.
ಊಟ ಹಾರಿಯೇ ಬರಬೇಕು.

ಬಂತು. ನನ್ನ ಕುತ್ತಿಗೆಯ ರಕ್ತ ಹೀರಿ
ಹೊಟ್ಟೆಭಾರಕ್ಕೆ ತಗ್ಗಿ ಹಾರುತ್ತಿದ್ದ ಸೊಳ್ಳೆ.
ಒಂದು ಕಾಲು ಅಂಟಿತು,
ಅದನ್ನು ಬಿಡಿಸಲು ಊರಿದ ಇನ್ನೊಂದೂ.
ಅರ್ಧ ಬುಟ್ಟಿ ತುಂಬಿಸಿ ಮರಳಿ ನೋಡಿದರೆ
ರೋಮಗಳು ಅವಸರವಿಲ್ಲದೆ ಬಾಗಿದ್ದವು,
ತೊಟ್ಟಿಲ ಕೂಸು
ಯಾರದೋ ಬೆರಳು ಹಿಡಿದು ಮಲಗಿದ ಹಾಗೆ.
ಅದರಲ್ಲಿ ನನ್ನದೊಂದು ತೊಟ್ಟಿದೆ, ಅಂದೆ.
"ಹಾಗಾದರೆ ನಂಟಾಯಿತು. ಇದನ್ನು ಕೀಳಬೇಡ."

ಉಳಿದಲ್ಲಿ ಕಿತ್ತೆವು, ಹೂಬಿಟ್ಟವನ್ನಷ್ಟೇ,
ಒಂದು ಕಿತ್ತಲ್ಲಿ ಒಂಬತ್ತು ಬಿಟ್ಟು.
ಬೆಳಿಗ್ಗೆ ವ್ಯಾನು ಬಂತು, ತಕ್ಕಡಿ ಇಳಿಯಿತು.
ದೂರದ ದೇಶದಲ್ಲಿ ಕೆಮ್ಮಿನ ಔಷಧಿಯಾಗುತ್ತದಂತೆ.
"ಅರ್ಧ ತೂಕ ನೊಣದ್ದೇ" ಎಂದು ಗೊಣಗಿದ ವ್ಯಾನಿನವನು.
"ಉಂಡವರನ್ನು ಕೊಂಡ ಮೇಲೆ ಊಟವನ್ನೂ ಕೊಳ್ಳಬೇಕಪ್ಪ," ಅಂದು
ನೋಟು ಎಣಿಸುತ್ತ ಕೆಮ್ಮಿದಳು ಲೆಂಪಿ.
ದಾರಿಯುದ್ದಕ್ಕೂ ಕೆಮ್ಮಿದಳು.
ಆ ಔಷಧಿ ನೀನೇ ಕುಡಿಯಬಹುದಲ್ಲ?
"ಬೆಲೆ ಕೇಳಿದ್ದೀಯಾ?"

ಜನವರಿಯಲ್ಲಿ ಒಬ್ಬನೇ ಹೋದೆ, ಸ್ಕೀ ಕಟ್ಟಿಕೊಂಡು.
ಬಡಗಣ ಅಂಚಿಗೆ ಯಂತ್ರ ಬಂದಿತ್ತು:
ನೆಟ್ಟಗೆ ಏಳು ಕಾಲುವೆ, ಕಪ್ಪು ಮಣ್ಣಿನ ರಾಶಿ,
ಜೌಗು ಒಣಗಿ ಯಾರದೋ ಒಲೆಗೆ ಹೋಗಲಿತ್ತು.
ನಾವು ಕೂತಿದ್ದ ಜಾಗ ಯಾವುದೆಂದು ತಿಳಿಯಲಿಲ್ಲ.
ಎಲ್ಲ ಬಿಳಿ.
ಅದರಡಿ ಎಲ್ಲೋ, ಇದ್ದರೆ,
ಬಟಾಣಿಗಿಂತ ಚಿಕ್ಕ ಮೊಗ್ಗಾಗಿ
ಎಲ್ಲ ಕೈಗಳನ್ನೂ ಒಳಗೆಳೆದುಕೊಂಡು
ನನ್ನ ನೆಂಟಳು.
ಸ್ಕೀ ಬಿಚ್ಚಿ ಹೆಗಲಿಗೇರಿಸಿದೆ.
ಹಲಗೆ ಇರುವೆಡೆ ನೆನಪಿನಿಂದಲೇ ಹುಡುಕುತ್ತ
ನಿಧಾನ ಹೆಜ್ಜೆಯಿಟ್ಟೆ.