ಉಗುರುಬೆಚ್ಚಗ

ಅತ್ತಿಗೆ ನೀರು ಕುದೀಬೇಕಿತ್ತು.
ಕಾಯೋದಲ್ಲ, ಕುದಿಯೋದು.
ಹಂಡೇದ ಬಾಯಾಗ ಗುಳ್ಳಿ ಏಳೋತನಕ
ಬಚ್ಚಲ ಹೊಚ್ಚಲ ದಾಟತಿದ್ದಿಲ್ಲ ಕಾಶವ್ವ.

ನಾನು ಹಾನಗಲ್ಲ ಕಡೆಯಾಕಿ.
ಪುಷ್ಯಮಾಸದಾಗೂ ಕೊಡದ ನೀರು ನೆತ್ತಿಗೆ ಸುರಕೊಂಡು
ಹಲ್ಲು ಕಟಕಟ ಅನ್ನೋದರಾಗ
ಒಂದು ಸುಖ ಐತಿ ಅಂತ ತಿಳದಾಕಿ.
ಬೆಟಗೇರಿಗೆ ಬಂದ ಮೊದಲನೇ ವಾರ
ಅತ್ತಿಗೆ ನೀರು ತೋಡಿಟ್ಟೆ, ನನ್ನ ಅಳತಿಗೆ.
ಒಂದು ತಂಬಿಗಿ ಮೈಮ್ಯಾಲೆ ಬಿದ್ದದ್ದ ತಡ
ಒಳಗಿಂದ ಧ್ವನಿ:
"ಯಾರಿಗವ್ವಾ ಇದು? ಎಮ್ಮಿಗೇನ?"

ಆಕಿ ಕೈ ಸರಿಯಾಗಿ ನೋಡಿದ್ದು ಆಮ್ಯಾಲೆ.
ಮೂವತ್ತೆಂಟು ವರ್ಷ ಬಣ್ಣದ ಕೊಪ್ಪರಿಗಿ ಮುಂದ ನಿಂತು
ನೂಲಿನ ಲಡಿ ಅದ್ದಿ, ಎತ್ತಿ, ಹಿಂಡಿದ ಕೈ.
ಕೋಲಿತ್ತು, ಕೋಲಿನಿಂದನ ತಿರುವತಿದ್ಲು.
ಆದ್ರ ಬಣ್ಣ ಕುಂತೈತೋ ಇಲ್ಲೋ
ಕೋಲಿಗೆ ಹೆಂಗ ತಿಳೀಬೇಕು?
ಅಂಗೈ ಗೆರಿಯೊಳಗ ನೀಲಿ, ಉಗುರಿನ ಬುಡಕ್ಕ ಕೆಂಪು.
ನಾನು ಊದಿ ಊದಿ ಚಹಾದ ಬಟ್ಟಲ ತುಟಿಗೆ ತರೋದರಾಗ
ಆಕಿದು ತಳ ಕಾಣತಿತ್ತು.

ಏಪ್ರಿಲ್‌ದಾಗ ನಮ್ಮ ಮನಿ ಹಾಸಗಲ್ಲು
ರಾತ್ರಿ ಹನ್ನೊಂದಕ್ಕೂ ತವಾ ಇದ್ದಂಗ.
ನಾನು ನೀರು ಚೆಲ್ಲಿ, ಹಸಿ ನೆಲದ ಮ್ಯಾಲೆ ಬೆನ್ನು ಹಚ್ಚಾಕಿ.
ಆಕಿ ಕೌದಿ ಹೊತ್ತು.
ಕೌದಿ! ಕಾಲಿನ ಕಿರಿಬೆರಳು ಸುದ್ದಾ ಹೊರಗ ಬಿಡದ.
ಫ್ಯಾನು ನಾಲ್ಕಕ್ಕ ತಿರುವಿ ನಾನು ಅಡ್ಡಾದ್ರ
ಕತ್ತಲಾಗ ಬಳಿ ಸದ್ದಾಗಿ ಎರಡಕ್ಕ ಇಳೀತಿತ್ತು.
ನಡುರಾತ್ರಿ ಎದ್ದು ನಾನು ಮೂರು ಮಾಡತಿದ್ದೆ.
ಮುಂಜಾನೆ ಇಬ್ರೂ ಅದರ ಮಾತ ತೆಗೀತಿದ್ದಿಲ್ಲ.
ಗೋಡಿ ಕಡೆ ಮಲಗಿದ ನನ್ನ ಗಂಡಗ
ಸೆಕಿನೂ ಇಲ್ಲ, ಥಂಡಿನೂ ಇಲ್ಲ,
ಬರೇ ಗೊರಕಿ.

ಮೈದುನ ಶಿವರುದ್ರ ಗೀಜರ್ ತಂದು ಕೂಡಿಸಿದ.
ಅತ್ತಿ ನಳದ ಕೆಳಗ ಬೆರಳಿಟ್ಟು,
"ಕರೆಂಟಿನ ಬಿಸಿಗೆ ಹಲ್ಲಿಲ್ಲ" ಅಂದ್ಲು.
ಅದರ ತಲಿಮ್ಯಾಲೆ ಈಗ ಸೀಗೆಪುಡಿ ಡಬ್ಬಿ ಇಡತೀವಿ.

ಎಂಬತ್ತು ದಾಟಿದ ಮ್ಯಾಲೆ
ಆಕಿ ಬೆನ್ನಿಗೆ ನೀರು ಹಾಕೋ ಪಾಳಿ ನಂದಾತು.
"ಸಾಕೇನ ಅತ್ತಿ?"
"ಇನ್ನಷ್ಟು."
"ಸಾಕೇನ?"
"ಇನ್ನಷ್ಟು ಬಿಸಿ, ಜಿಪುಣಿ."
ಉಗಿಯೊಳಗ ಮುಖ ಕಾಣತಿದ್ದಿಲ್ಲ,
ಒಂದು ಉದ್ದನ ಉಸಿರು ಕೇಳತಿತ್ತು,
ಹೊರಿ ಇಳಿಸಿ ಯಾರೋ ಕಟ್ಟಿಗೆ ಕುಂತಂಗ.
ನಾನು ಸುಟ್ಟ ಬೆರಳು ಕಿವಿಗೆ ಹಚ್ಚಿಕೋತ ನಿಲ್ಲತಿದ್ದೆ.

ಹೋದ ಮಂಗಳವಾರ
ಓಣಿ ಹೆಣ್ಮಕ್ಕಳು ಕೂಡಿ ಕಡೇ ಜಳಕಕ್ಕ ನೀರು ಬೆರಸಿದ್ರು.
ಗೌರಕ್ಕ ಮೊಣಕೈ ಅದ್ದಿ ನೋಡಿ,
"ಉಗುರುಬೆಚ್ಚಗ ಐತಿ, ಸಾಕು" ಅಂದ್ಲು.

ಯಾರಿಗವ್ವಾ ಇದು, ಅಂದೆ ನಾನು.

ಅಷ್ಟೂ ಮಂದಿ ನನ್ನ ಕಡೆ ಹೊಳ್ಳಿ ನೋಡಿದ್ರು.
ಹಂಡೇದಿಂದ ನೆಟ್ಟಗ ಒಂದು ತಂಬಿಗಿ ಎತ್ತಿ
ಆಕಿ ಅಂಗೈಮ್ಯಾಲೆ ಸುರದೆ.
"ಏ, ತೊಗಲು ಸುಲೀತೈತಿ!" ಯಾರೋ ಚೀರಿದ್ರು.
ನೀಲಿ ಗೆರಿ ಇದ್ದಂಗ ಇತ್ತು.
ಸಾಕೇನ, ಅಂತ ಕೇಳೇಬಿಟ್ಟೆ,
ರೂಢಿ.

ಆಮ್ಯಾಲೆ ಹಿತ್ತಲಿಗೆ ಹೋಗಿ
ಕೊಡದ ತಣ್ಣೀರು ಎರಡು ತಂಬಿಗಿ
ನಿಂತಲ್ಲೇ ಕುಡದೆ.
ಹಲ್ಲು ಜುಮ್ಮಂದ್ವು.